ಕರಾವಳಿಯ ಮನೆಯಲ್ಲಿ ಮರುಗ: ಬೀಜವೋ, ಗೆಲ್ಲೋ, ನರ್ಸರಿ ಗಿಡವೋ?

ಮಲ್ಲಿಗೆಯ ಜೊತೆ ಒಂದು ಎಸಳು ಮರುಗ ಸೇರಿದರೆ ಸಾಕು, ಮುಡಿದವರು ಎದ್ದು ಹೋದ ಮೇಲೂ ಕೋಣೆಯಲ್ಲಿ ಪರಿಮಳ ಉಳಿಯುತ್ತದೆ. ಇದನ್ನು ಮನೆಯಲ್ಲೇ ಬೆಳೆಸಬೇಕು ಅಂತ ನಮ್ಮ ಮಂಗಳೂರು, ಉಡುಪಿ ಕಡೆ ತುಂಬ ಜನರಿಗೆ ಆಸೆ. ಆದರೆ ಹೆಚ್ಚಿನವರು ಹೇಳುವ ಕಥೆ ಒಂದೇ. ದೀಪಾವಳಿ ಹೊತ್ತಿಗೆ ತಂದ ಗಿಡ ಮಾರ್ಚ್‌ವರೆಗೆ ಸೊಂಪಾಗಿರುತ್ತದೆ. ಮಳೆ ಹಿಡಿದ ಮೇಲೆ ಎಲೆ ಹಳದಿಯಾಗುತ್ತದೆ. ಆಟಿ ತಿಂಗಳಿಗೆ (ಜುಲೈ, ಆಗಸ್ಟ್ ಹೊತ್ತಿಗೆ) ಬುಡ ಕಪ್ಪಾಗಿ ಹೋಗಿಬಿಡುತ್ತದೆ.

ನಾನೂ ಹೀಗೆ ಮೂರು ಮಳೆಗಾಲಕ್ಕೆ ಮೂರು ಗಿಡ ಕಳೆದುಕೊಂಡೆ. ಮೊದಲ ಎರಡು ಸಲ ಎಲೆ ಬಾಡಿದ್ದು ನೋಡಿ, ನೀರು ಸಾಕಾಗಲಿಲ್ಲ ಅಂದುಕೊಂಡು ಇನ್ನೊಂದು ಚೊಂಬು ನೀರು ಹಾಕಿದ್ದೆ. ಮೂರನೆಯದನ್ನು ಚಟ್ಟಿಯಿಂದ ಕಿತ್ತು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಗಿಡ ಬಾಯಾರಿ ಸತ್ತದ್ದಲ್ಲ, ಮುಳುಗಿ ಸತ್ತದ್ದು.

ಮರುಗ ತುಳಸಿಯ ಕುಟುಂಬದ್ದೇ ಗಿಡ. ಆದರೆ ಅದರ ತವರು ಸೈಪ್ರಸ್ ದ್ವೀಪ ಮತ್ತು ಟರ್ಕಿಯ ದಕ್ಷಿಣ ಭಾಗದ ಕಲ್ಲುಗುಡ್ಡಗಳು. ಅಲ್ಲಿ ಬೇಸಿಗೆ ಒಣಗಿರುತ್ತದೆ, ಮಳೆ ಬರುವುದು ಚಳಿಗಾಲದಲ್ಲಿ, ಅದೂ ಹಿತಮಿತವಾಗಿ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ನಮ್ಮಲ್ಲಿ ಎಲ್ಲ ಉಲ್ಟಾ. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಮೇಲಿನ ಕೆಂಪು ಮಣ್ಣಿನಲ್ಲಿ ಸುಣ್ಣವೆಲ್ಲ ಆ ಮಳೆಗೆ ತೊಳೆದು ಹೋಗಿ ಹುಳಿ ಅಂಶ ಉಳಿದಿರುತ್ತದೆ. ಹಾಗಾಗಿ ಬೆಂಗಳೂರು, ಮೈಸೂರು ಕಡೆಯ ನೆಂಟರು ಕೊಟ್ಟ ಸಲಹೆ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಬೀಜ ಒಳ್ಳೆಯದಾ, ಗಿಡ ಒಳ್ಳೆಯದಾ, ಯಾವ ಚಟ್ಟಿ ಅಂತ ಕೇಳುವ ಮೊದಲು, ಮಳೆಗಾಲದ ನಾಲ್ಕು ತಿಂಗಳು ನಿಮ್ಮ ಮನೆ ಆ ಗಿಡಕ್ಕೆ ಏನು ಕೊಡಬಲ್ಲದು ಅಂತ ನೋಡಿಕೊಳ್ಳಬೇಕು.

ಮೊದಲು ಮನೆಯನ್ನು ನೋಡಿ

ಬಿಸಿಲಿನದ್ದೇ ಮೊದಲ ಪ್ರಶ್ನೆ. ಮರುಗಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಾಲ್ಕು ಗಂಟೆ ಸಿಕ್ಕಿದರೂ ಬದುಕುತ್ತದೆ, ಆದರೆ ಗೆಲ್ಲು (ರೆಂಬೆ) ಉದ್ದವಾಗಿ ಸೊರಗುತ್ತದೆ, ಪರಿಮಳ ಇಳಿಯುತ್ತದೆ. ಒಂದು ದಿನ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಅದೇ ಜಾಗದ ಫೋಟೋ ತೆಗೆದಿಡಿ, ಗೊತ್ತಾಗುತ್ತದೆ. ಫ್ಲ್ಯಾಟಿನಲ್ಲಿರುವವರು ಇನ್ನೊಂದು ವಿಷಯ ಗಮನಿಸಬೇಕು. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಡಿಸೆಂಬರಿನಲ್ಲಿ ಚೆನ್ನಾಗಿ ಬಿಸಿಲು ಬರುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುವುದರಿಂದ ಅದೇ ಬಾಲ್ಕನಿಯಲ್ಲಿ ನೇರ ಬಿಸಿಲು ಇರುವುದಿಲ್ಲ. ಡಿಸೆಂಬರಿನಲ್ಲಿ ನೋಡಿ ಜಾಗ ನಿಶ್ಚಯಿಸಿದರೆ ಮೇ ತಿಂಗಳಲ್ಲಿ ಗಿಡ ಯಾಕೆ ಸೊರಗಿತು ಅಂತ ತಿಳಿಯುವುದೇ ಇಲ್ಲ.

ಎರಡನೆಯದು ಮಳೆಯ ಮರೆ. ಟೆರೇಸಿಗೆ ಶೀಟು ಹಾಕಿಸಿದ್ದೀರಾ? ಆ ಶೀಟಿನಲ್ಲಿ ಬೆಳಕು ಬಿಡುವ ಒಂದೆರಡು ಪಾರದರ್ಶಕ ಶೀಟುಗಳಿವೆಯಾ? ಜಗಲಿಗೆ ಇರಿಚಲು ಹೊಡೆಯುತ್ತದಾ? ಬರೀ ಮಾಡು ಇದ್ದರೆ ಸಾಲದು, ಬೆಳಕೂ ಗಾಳಿಯೂ ಬೇಕು.

ಆಮೇಲೆ, ನಿಮಗೆ ಎಷ್ಟು ಬೇಕು? ವಾರಕ್ಕೆರಡು ಸಲ ದೇವರಿಗೆ, ಮುಡಿಯಲು ಅಂದರೆ ಒಂದೆರಡು ಗಿಡ ಸಾಕು. ಒಣಗಿಸಿ ಅಡುಗೆಗೆ ಇಟ್ಟುಕೊಳ್ಳುತ್ತೀರಾದರೆ ಆರು ಗಿಡವಾದರೂ ಬೇಕು, ಯಾಕೆಂದರೆ ಎಲೆ ಸಣ್ಣದು, ಒಣಗಿದ ಮೇಲೆ ಒಂದು ಮುಷ್ಟಿಯೂ ಉಳಿಯುವುದಿಲ್ಲ. ಕೊನೆಗೆ ಖರ್ಚು ಮತ್ತು ತಾಳ್ಮೆ. ಇವೆರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆ. ಹಣ ಕಡಿಮೆ ಹಾಕಿದರೆ ಕಾಯುವುದು ಜಾಸ್ತಿ.

ಬೀಜ

ಮರುಗದ ಬೀಜ ರಾಗಿಗಿಂತಲೂ ತುಂಬ ಸಣ್ಣದು. ಒಂದು ಗ್ರಾಂನಲ್ಲಿ ಸಾವಿರಾರು ಬೀಜ ಇರುತ್ತವೆ. ಒಂದು ಪ್ಯಾಕೆಟಿನಿಂದ ಇಡೀ ಓಣಿಗೆ ಗಿಡ ಹಂಚಬಹುದು. ಗಿಡದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬೀಜದ ಗಿಡಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅದರಲ್ಲಿ ನಮ್ಮ ಸೆಕೆಗೆ ಗಟ್ಟಿಯಾಗಿ ನಿಂತ ಗಿಡವನ್ನು ಆರಿಸಿ ಮುಂದೆ ಅದರದ್ದೇ ಗೆಲ್ಲು ನೆಡಬಹುದು. ಇದು ಬೇರೆ ದಾರಿಯಲ್ಲಿ ಸಿಗದ ಲಾಭ.

ಕಷ್ಟ ಏನೆಂದರೆ ಮೊದಲ ಆರು ವಾರ. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಅದುಮಬೇಕು, ಮಣ್ಣು ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ಒಂದು ಚಮಚ ಒಣ ಹೊಯಿಗೆಯ (ಮರಳಿನ) ಜೊತೆ ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಚೊಂಬಿನಲ್ಲಿ ನೀರು ಹೊಯ್ದರೆ ಬೀಜವೆಲ್ಲ ಮೂಲೆಗೆ ತೇಲಿ ಹೋಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ಮಂಜಿನಂತೆ ಬಿಡಿ. ಎಂಟರಿಂದ ಹದಿನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ಆಮೇಲೂ ಬಹಳ ನಿಧಾನ. ಇದೇ ಹೊತ್ತಿನಲ್ಲಿ ಎಳೆ ಬುಡ ಕೊಳೆತು ಸಸಿ ಮಲಗಿಬಿಡುವ ರೋಗ ಬರುತ್ತದೆ. ಗಾಳಿಯಾಡದ ಕಡೆ, ತೇವ ಆರದ ಕಡೆ ಬೇಗ ಬರುತ್ತದೆ.

ತೂತು ಮಾಡಿದ ತೆಂಗಿನ ಗೆರಟೆಯಲ್ಲಿ ಬಿತ್ತಿದರೆ ಒಂದು ಗೆರಟೆಗೆ ರೋಗ ಬಂದರೂ ಪಕ್ಕದ್ದು ಉಳಿಯುತ್ತದೆ. ಅಗಲ ತಟ್ಟೆಯಲ್ಲಿ ಬಿತ್ತಿದರೆ ಆ ಅನುಕೂಲ ಇಲ್ಲ. ಬಿತ್ತಲು ಸರಿಯಾದ ಕಾಲ ನವೆಂಬರ್, ಡಿಸೆಂಬರ್. ರಾತ್ರಿ ಸ್ವಲ್ಪ ತಂಪಿರುವ ನಮ್ಮ ದಿನಗಳು ಅವೇ. ಕೊಯ್ಯುವಷ್ಟು ಗಿಡವಾಗಲು ಮೂರು ತಿಂಗಳು ಹಿಡಿಯುತ್ತದೆ. ಮಾರ್ಚಿನಲ್ಲಿ ಬಿತ್ತಿದರೆ ಗಿಡ ಬಲಿಯುವ ಮೊದಲೇ ಮಳೆ ಬಂತು ಅಂತ ತಿಳಿಯಿರಿ.

ಪ್ಯಾಕೆಟಿನ ಹೆಸರು ಸರಿಯಾಗಿ ಓದಿ. ನಮ್ಮ ಮರುಗ ಅಂದರೆ ಸ್ವೀಟ್ ಮಾರ್ಜೋರಂ. ಸಸ್ಯಶಾಸ್ತ್ರದ ಹೆಸರು ಒರಿಗಾನಮ್ ಮೇಜೊರಾನ. ಪಿಜ್ಜಾಕ್ಕೆ ಉದುರಿಸುವ ಒರೆಗಾನೊ ಇದರ ಹತ್ತಿರದ ಸಂಬಂಧಿ, ಒರಿಗಾನಮ್ ವಲ್ಗೇರ್. ಅದರ ವಾಸನೆ ಖಾರ, ಮುಡಿಯಲು ಚೆನ್ನಾಗಿರುವುದಿಲ್ಲ.

ಗೆಲ್ಲು

ನನ್ನ ಮೆಚ್ಚುಗೆಯ ದಾರಿ ಇದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ವರಮಹಾಲಕ್ಷ್ಮಿ, ಚೌತಿ, ನವರಾತ್ರಿ ಹೊತ್ತಿಗೆ ಘಟ್ಟದ ಮೇಲಿನಿಂದ ಹೂವಿನವರು ಬಂದು ರಸ್ತೆ ಬದಿಯಲ್ಲಿ ಕೂರುತ್ತಾರಲ್ಲ, ಅವರ ಹತ್ತಿರ ಸೇವಂತಿಗೆಯ ಜೊತೆ ಮರುಗದ ಕಟ್ಟು ಇರುತ್ತದೆ. "ಬೇರು ಉಂಟಾ ಇದರಲ್ಲಿ?" ಅಂತ ನಾನು ಕೇಳಿದರೆ, "ಬೇರು ಎಲ್ಲಿಂದ ಬರುತ್ತೆ ಅಕ್ಕಾ, ಕೊಯ್ದು ತಂದಿರೋದು" ಅಂದರು ಒಬ್ಬರು. ಬೇರು ಬೇಕಾಗಿಯೇ ಇಲ್ಲ. ಆ ಕಟ್ಟಿನಿಂದಲೇ ಹೊಸ ಗಿಡ ಮಾಡಬಹುದು. ದೇವರಿಗೆ ಇಟ್ಟು ಉಳಿದ ನಾಲ್ಕು ಗೆಲ್ಲಿಗೆ ಬೇರೆ ಖರ್ಚೂ ಇಲ್ಲ.

ಆರಿಸುವಾಗ ತುದಿ ನೋಡಿ. ಮರುಗ ಹೂ ಬಿಡುವ ಮೊದಲು ತುದಿಯಲ್ಲಿ ಹಸಿರು ಗಂಟುಗಳು ಕಟ್ಟುತ್ತವೆ. ಗಂಟು ಕಟ್ಟಿದ ಗೆಲ್ಲು ಬೇರು ಬಿಡಲು ಹಿಂದೇಟು ಹಾಕುತ್ತದೆ. ಗಂಟಿಲ್ಲದ, ತೀರ ಎಳೆಯದೂ ಅಲ್ಲದ, ಬುಡ ಸ್ವಲ್ಪ ಗಟ್ಟಿಯಾದ ಗೆಲ್ಲು ತೆಗೆದುಕೊಳ್ಳಿ. ಉದ್ದ ಒಂದು ಬೆರಳಿನಷ್ಟು, ಅಂದರೆ 8 ಸೆಂಟಿಮೀಟರ್. ಎಲೆ ಹುಟ್ಟುವ ಗಿಣ್ಣಿನ ಕೆಳಗೆ ಹರಿತವಾದ ಬ್ಲೇಡಿನಲ್ಲಿ ಕೊಯ್ಯಿರಿ. ಕೆಳಗಿನ ಅರ್ಧ ಭಾಗದ ಎಲೆ ತೆಗೆಯಿರಿ. ತೊಳೆದ ಹೊಯಿಗೆಗೆ ಅರ್ಧದಷ್ಟು ತೆಂಗಿನ ನಾರಿನ ಹುಡಿ ಬೆರೆಸಿ ಅದರಲ್ಲಿ ಊರಿ. ಹೊಯಿಗೆ ಹೊಳೆಯದ್ದಾಗಬೇಕು. ಕಡಲ ಬದಿಯದ್ದರಲ್ಲಿ ಉಪ್ಪು ಇರುತ್ತದೆ, ಬೇಡ.

ಎರಡು ವಾರ ನೆರಳಲ್ಲಿ, ಗಾಳಿಯಾಡುವಲ್ಲಿ ಇಡಿ. ಎಳೆದು ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಎಳೆಯಬೇಡಿ. ತುದಿಯಲ್ಲಿ ಹೊಸ ಎಲೆ ಬಂದರೆ ಕೆಳಗೆ ಬೇರು ಬಂದಿದೆ. ಎರಡರಿಂದ ನಾಲ್ಕು ವಾರದ ಲೆಕ್ಕ. ಹತ್ತು ಗೆಲ್ಲು ಊರಿದರೆ ನನಗೆ ಒಳ್ಳೆಯ ಕಾಲದಲ್ಲಿ ಆರೇಳು ಹಿಡಿಯುತ್ತವೆ. ಚೌತಿ ಹೊತ್ತಿನ ಗೆಲ್ಲಿನಲ್ಲಿ ಎರಡು ಹಿಡಿದರೆ ಹೆಚ್ಚು, ಆಗ ಗಾಳಿಯಲ್ಲೇ ತೇವ ಜಾಸ್ತಿ. ಹಾಗಾಗಿ ನವರಾತ್ರಿಯಿಂದ ದೀಪಾವಳಿವರೆಗೆ ಸಿಗುವ ಕಟ್ಟೇ ಒಳ್ಳೆಯದು. ನೀರು ಚಿಮುಕಿಸಿ ಗೋಣಿ ಮುಚ್ಚಿ ಎರಡು ದಿನ ಇಟ್ಟ ಕಟ್ಟಿನ ಎಲೆ ಒಳಗಿಂದ ಕಪ್ಪಾಗಿರುತ್ತದೆ. ಬಿಡಿಸಿ ನೋಡಿಯೇ ಕೊಳ್ಳಿ.

ಪರಿಚಯದವರ ಮನೆಯಲ್ಲಿ ಒಂದು ಮಳೆಗಾಲ ದಾಟಿದ ಗಿಡ ಇದ್ದರೆ ಅಂಗಡಿಯ ಕಟ್ಟಿಗಿಂತ ಅದರ ಗೆಲ್ಲು ಹತ್ತು ಪಾಲು ಮೇಲು. ಇಲ್ಲಿನ ನೀರು, ಸೆಕೆ, ತೇವ ಎಲ್ಲವನ್ನೂ ತಡೆದುಕೊಂಡ ಗಿಡ ಅದು, ಅಲ್ವಾ.

ನರ್ಸರಿ ಗಿಡ

ಕಾಯಲು ಆಗದವರಿಗೆ, ಮೊದಲ ಸಲ ಬೆಳೆಸುವವರಿಗೆ ಇದು ಸರಿ. ತಂದ ದಿನವೇ ಎರಡು ಎಸಳು ಕೊಯ್ಯಬಹುದು. ಮಂಗಳೂರಿನವರು ಜನವರಿ ಕೊನೆಯ ವಾರ ಕದ್ರಿ ಪಾರ್ಕಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಗಿಡದ ಮಳಿಗೆಗಳನ್ನು ಒಟ್ಟಿಗೆ ನೋಡಿ ಆರಿಸಬಹುದು.

ಮೂರು ದಾರಿಯಲ್ಲಿ ದುಬಾರಿ ಇದೇ. ಜೊತೆಗೆ ಎರಡು ಎಚ್ಚರಿಕೆ. ಒಂದು, ದವನವನ್ನು ಮರುಗ ಅಂತ ಕೊಡುವುದುಂಟು. ಕೊಡುವವರಿಗೂ ಗೊತ್ತಿರುವುದಿಲ್ಲ. ದವನದ ಎಲೆ ಬೂದು ಬಣ್ಣಕ್ಕೆ, ಸೀಳು ಸೀಳಾಗಿರುತ್ತದೆ. ಮರುಗದ್ದು ಸಣ್ಣ, ದುಂಡಗಿನ, ಸೀಳಿಲ್ಲದ ಎಲೆ, ಮುಟ್ಟಿದರೆ ಮೆತ್ತಗಿನ ಬಟ್ಟೆಯಂತೆ. ದವನ ಒಂದೇ ಋತುವಿನ ಗಿಡ, ಹೂವಾದ ಮೇಲೆ ಮುಗಿಯಿತು. ಮರುಗ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತದೆ.

ಇನ್ನೊಂದು, ನರ್ಸರಿಯ ಗಿಡ ಸಾಮಾನ್ಯವಾಗಿ ಬರೀ ನಾರಿನ ಹುಡಿಯಲ್ಲಿರುತ್ತದೆ. ಅಲ್ಲಿ ಹಸಿರು ಬಲೆಯ ಕೆಳಗೆ ಬೆಳೆದದ್ದು. ತಂದ ಕೂಡಲೇ ಟೆರೇಸಿನ ಬಿಸಿಲಿಗೆ ಇಟ್ಟರೆ ಸುಟ್ಟು ಹೋಗುತ್ತದೆ. ಒಂದು ವಾರ ಬೆಳಗಿನ ಬಿಸಿಲು ಮಾತ್ರ ತೋರಿಸಿ. ಆಮೇಲೆ ಬೇರಿನ ಸುತ್ತ ಅಂಟಿದ ನಾರಿನ ಹುಡಿಯನ್ನು ಅರ್ಧ ಉದುರಿಸಿ ನಿಮ್ಮ ಮಣ್ಣಿಗೆ ಬದಲಿಸಿ. ಪೂರ್ತಿ ಬಿಟ್ಟರೆ ಮಳೆಗಾಲದಲ್ಲಿ ಆ ಮುದ್ದೆ ಸ್ಪಂಜಿನಂತೆ ನೀರು ಹಿಡಿದು ಕೂರುತ್ತದೆ.

ಚಟ್ಟಿ, ಮಣ್ಣು

ನನ್ನ ಆಯ್ಕೆ ಮಣ್ಣಿನ ಚಟ್ಟಿ, ಅನುಮಾನವೇ ಇಲ್ಲ. ಬದಿಯಿಂದಲೂ ತೇವ ಆರುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಅಗಲ 8ರಿಂದ 10 ಇಂಚು ಸಾಕು, ಇದರ ಬೇರು ಆಳಕ್ಕೆ ಹೋಗುವುದಿಲ್ಲ. ಆದರೆ ಮಣ್ಣಿನ ಚಟ್ಟಿ ಭಾರ. ಮಳೆ ಬಂದಾಗ ಗಿಡವನ್ನು ಒಳಗೆ ಹೊರಗೆ ಸಾಗಿಸುವುದು ವಯಸ್ಸಾದವರಿಗೆ ಕಷ್ಟ. ಅಂಥವರಿಗೆ ಪ್ಲಾಸ್ಟಿಕ್ ಚಟ್ಟಿಯೇ ಒಳ್ಳೆಯದು. ತಳದಲ್ಲಿ ನಾಲ್ಕು ತೂತು ಹೆಚ್ಚಿಗೆ ಕೊರೆದು, ಹೊಯಿಗೆಯ ಪಾಲು ಜಾಸ್ತಿ ಮಾಡಿ, ನೀರು ಹಾಕುವುದನ್ನು ಅರ್ಧಕ್ಕೆ ಇಳಿಸಿದರಾಯಿತು. ಗ್ರೋ ಬ್ಯಾಗ್ ಅಗ್ಗ, ಹಗುರ. ಆದರೆ ತಳ ನೆಲಕ್ಕೆ ಅಂಟಿ ತೂತು ಮುಚ್ಚುತ್ತದೆ. ಎರಡು ಹಂಚಿನ ತುಂಡಿನ ಮೇಲೆ ಎತ್ತಿ ಇಡಬೇಕು. ಮನೆಯ ಹಿಂದೆ ಹಳೆಯ ಸಿಮೆಂಟು ಚಟ್ಟಿ ಬಿದ್ದಿದ್ದರೆ ಬಿಸಾಡಬೇಡಿ. ಅದರಿಂದ ಇಳಿಯುವ ಸುಣ್ಣ ಮರುಗಕ್ಕೆ ತೊಂದರೆ ಮಾಡುವುದಿಲ್ಲ.

ಮಣ್ಣಿಗೆ ಎರಡು ಪಾಲು ಸುಡುಮಣ್ಣು (ತರಗೆಲೆ, ಸೊಪ್ಪಿನ ಜೊತೆ ಸುಟ್ಟ ಮಣ್ಣು), ಎರಡು ಪಾಲು ಹೊಯಿಗೆ, ಒಂದು ಪಾಲು ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ. ಸುಡುಮಣ್ಣು ಸಿಗದಿದ್ದರೆ ಕೆಂಪು ಮಣ್ಣಿಗೆ ಚಟ್ಟಿಗೊಂದು ಚಮಚ ಚಿಪ್ಪಿನ ಸುಣ್ಣ ಬೆರೆಸಿ, ಹತ್ತು ದಿನ ಬಿಟ್ಟು ನೆಡಿ. ಗೊಬ್ಬರಕ್ಕೆ ಕೈ ಹಿಡಿತ ಇರಲಿ. ಜಾಸ್ತಿ ಹಾಕಿದರೆ ಎಲೆ ದೊಡ್ಡದಾಗುತ್ತದೆ, ಪರಿಮಳ ಕಡಿಮೆಯಾಗುತ್ತದೆ. ಸುಮ್ನೆ ಸೊಪ್ಪು ಬೆಳೆಸಿದ ಹಾಗೆ. ತಳಕ್ಕೆ ಒಡೆದ ಮಂಗಳೂರು ಹಂಚಿನ ಒಂದು ದೊಡ್ಡ ತುಂಡು ತೂತಿನ ಮೇಲೆ ಕವುಚಿ ಇಟ್ಟರೆ ಮಣ್ಣು ಸೋರುವುದಿಲ್ಲ, ನೀರು ನಿಲ್ಲುವುದೂ ಇಲ್ಲ.

ನೀರು ಹಾಕಲು ಬೆರಳೇ ಅಳತೆ. ಮೊದಲ ಗೆಣ್ಣಿನವರೆಗೆ ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ. ಡಿಸೆಂಬರಿನಲ್ಲಿ ಎರಡು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲಿ ದಿನಾ ಬೆಳಿಗ್ಗೆ. ಏಪ್ರಿಲ್, ಮೇ ಮಧ್ಯಾಹ್ನದ ಬಿಸಿಲಿಗೆ ಗೋಡೆಯ ನೆರಳು ಸಿಕ್ಕಿದರೆ ಒಳ್ಳೆಯದು. ಆ ಒಣ ದಿನಗಳಲ್ಲಿ ಎಲೆಯ ಅಡಿಯಲ್ಲಿ ಹೇನು, ನುಸಿ ಬರುತ್ತವೆ. ಮೊದಲು ನೀರನ್ನು ರಭಸವಾಗಿ ಹೊಡೆದು ನೋಡಿ. ಹೋಗದಿದ್ದರೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು. ಸಿಂಪಡಿಸಿದ ಮೇಲೆ ಒಂದು ವಾರ ಕೊಯ್ಯಬೇಡಿ.

ಕೊಯ್ಯುವಾಗ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಹಸಿರು ಗಂಟು ಕಟ್ಟಿ ಹೂ ಅರಳುವ ಮೊದಲಿನ ಹೊತ್ತಿನಲ್ಲಿ ಪರಿಮಳ ತುಂಬಿರುತ್ತದೆ. ಅಡುಗೆಗೆ ಒಣಗಿಸುವವರು ಡಿಸೆಂಬರಿನಿಂದ ಏಪ್ರಿಲ್ ಒಳಗೆ ನೆರಳಲ್ಲಿ ಒಣಗಿಸಿ ಬಾಟಲಿಗೆ ಹಾಕಿ. ಮಳೆಗಾಲದಲ್ಲಿ ಒಣಗಿಸಲು ಹೋದರೆ ಬೂಸ್ಟು ಹಿಡಿಯುತ್ತದೆ.

ಮಳೆಗಾಲ: ಉಳಿಸಿಕೊಳ್ಳುವುದಾ, ಬಿಡುವುದಾ?

ಎಲ್ಲರೂ ಇಲ್ಲೇ ಗೊಂದಲಕ್ಕೆ ಬೀಳುವುದು. ನನ್ನ ಗಡುವು ಪತ್ತನಾಜೆ. ಮೇ ಕೊನೆಯ ವಾರ, ಊರಿನ ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುವ ಹೊತ್ತಿಗೆ ಗಿಡವೂ ಮಾಡಿನ ಕೆಳಗೆ ಬಂದಿರಬೇಕು. ಅದಕ್ಕೆ ಒಂದು ವಾರ ಮೊದಲು ಮೂರರಲ್ಲಿ ಒಂದು ಪಾಲು ಕತ್ತರಿಸಿ, ಬುಡದ ಒಣ ಎಲೆ ತೆಗೆದು, ಗಾಳಿ ಹೋಗುವಂತೆ ಬಿಡಿಸಿಡಿ. ಸೆಪ್ಟೆಂಬರ್‌ವರೆಗೆ ಗೊಬ್ಬರ ಬೇಡ.

ಪಾರದರ್ಶಕ ಶೀಟಿನ ಕೆಳಗೆ ಜಾಗ ಇರುವವರು ಧೈರ್ಯವಾಗಿ ಉಳಿಸಿಕೊಳ್ಳಬಹುದು. ಬೆಳಕು ಬರುತ್ತದೆ, ಹನಿ ಬೀಳುವುದಿಲ್ಲ. ಚಟ್ಟಿ ಚಟ್ಟಿಗೆ ಒಂದು ಗೇಣು ಅಂತರ ಬಿಡಿ. ಆಟಿಯ ದಿನಗಳಲ್ಲಿ ನಾನು ವಾರಕ್ಕೊಮ್ಮೆಯೂ ನೀರು ಹಾಕದೆ ಇದ್ದದ್ದುಂಟು, ಗಿಡಕ್ಕೆ ಏನೂ ಆಗಲಿಲ್ಲ. ಹೀಗೆ ಮಳೆಗಾಲ ದಾಟುವ ಮನೆಗೆ ಮೂರು ದಾರಿಯಲ್ಲಿ ಯಾವುದಾದರೂ ಸರಿ. ಅಂಥವರು ಬೀಜಕ್ಕೇ ಕೈ ಹಾಕಲಿ. ಮೂರು ತಿಂಗಳು ಕಾದದ್ದಕ್ಕೆ ಮೂರು ವರ್ಷ ಫಲ ಸಿಗುತ್ತದೆ.

ಜಗಲಿ ಅಥವಾ ಮುಚ್ಚಿದ ಬಾಲ್ಕನಿ ಮಾತ್ರ ಇದ್ದರೆ ಗಿಡ ಬದುಕಬಹುದು, ಆದರೆ ಸಣಕಲಾಗುತ್ತದೆ. ಬಿಸಿಲು ಬಿದ್ದ ಗಂಟೆಗಳಲ್ಲಿ ಹೊರಗಿಟ್ಟು ಸಂಜೆ ಒಳಗಿಡುವವರು ಮನೆಯಲ್ಲಿ ಇದ್ದಾರಾ ಅಂತ ಯೋಚಿಸಿ. ಇದ್ದರೆ ಗೆಲ್ಲಿನ ಗಿಡ ಎರಡು ಇಟ್ಟುಕೊಳ್ಳಿ. ಗ್ರೋ ಲೈಟ್ ಹಾಕಿ ಉಳಿಸಬಹುದು ನಿಜ, ಆದರೆ ಒಂದೆರಡು ಗಿಡಕ್ಕೆ ಆ ಖರ್ಚು ನನಗೆ ಒಪ್ಪುವುದಿಲ್ಲ.

ತೆರೆದ ಅಂಗಳ ಮಾತ್ರ ಇರುವವರು, ದಿನವಿಡೀ ಕೆಲಸಕ್ಕೆ ಹೋಗುವವರು ಮರುಗವನ್ನು ಎಂಟು ತಿಂಗಳ ಗಿಡ ಅಂತ ಒಪ್ಪಿಕೊಂಡರೆ ಮನಸ್ಸಿಗೆ ಹಗುರ. ಅಕ್ಟೋಬರಿನಲ್ಲಿ ಹೂವಿನವರ ಕಟ್ಟಿನಿಂದ ನೆಡಿ. ಡಿಸೆಂಬರಿನಿಂದ ಮೇ ತನಕ ಕೊಯ್ಯಿರಿ. ಪತ್ತನಾಜೆಗೆ ಪೂರ್ತಿ ಕೊಯ್ದು ಮುಡಿದು, ಹಂಚಿ, ಚಟ್ಟಿ ತೊಳೆದು ಕವುಚಿಡಿ. ಬೀಜ ಇವರಿಗೆ ಬೇಡ, ಋತುವಿನ ಅರ್ಧ ಕಾಯುವುದರಲ್ಲೇ ಹೋಗುತ್ತದೆ. ದವನ ಇಷ್ಟವಿದ್ದವರು ಅದನ್ನೂ ಇದೇ ಲೆಕ್ಕದಲ್ಲಿ ನವೆಂಬರಿನಲ್ಲಿ ಬಿತ್ತಬಹುದು. ಹೇಗೂ ಅದು ಒಂದೇ ಋತುವಿನದ್ದು.

ಬಿಸಿಲು ಮೂರು ಗಂಟೆಗಿಂತ ಕಡಿಮೆ ಇದ್ದರೆ ಮರುಗಕ್ಕೆ ಹಣ ಹಾಕಬೇಡಿ. ನಿಮಗೆ ಬೇಕಾದ್ದು ಅಡುಗೆಗೆ ಪರಿಮಳದ ಎಲೆ ಅಂತಾದರೆ ಸಾಂಬ್ರಾಣಿ ಬೆಳೆಸಿ, ಘಟ್ಟದ ಮೇಲಿನವರು ದೊಡ್ಡಪತ್ರೆ ಅನ್ನುತ್ತಾರಲ್ಲ ಅದು. ಅರ್ಧ ನೆರಳಲ್ಲಿ ಬರುತ್ತದೆ, ಒಂದು ಗೆಲ್ಲು ಊರಿದರೆ ಹಿಡಿಯುತ್ತದೆ. ತಂಬುಳಿಗೆ ಮರುಗಕ್ಕಿಂತ ಅದೇ ಸರಿ. ಬಿಸಿಲಿದ್ದು ತೇವದ್ದೇ ತೊಂದರೆಯಾದರೆ ಮುಡಿಯಲು, ದೇವರಿಗೆ ಕಾಮಕಸ್ತೂರಿ ನೋಡಿ. ಅದಕ್ಕೂ ಬಿಸಿಲು ಬೇಕು, ಆದರೆ ತೇವವನ್ನು ಮರುಗಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬೀಜವೂ ವಾರದಲ್ಲಿ ಮೊಳೆಯುತ್ತದೆ. ಪರಿಮಳ ಮಾತ್ರ ಬೇರೆಯೇ, ಮರುಗದ ಆಸೆಯನ್ನು ಅದು ತೀರಿಸುವುದಿಲ್ಲ.

ಈಗಾಗಲೇ ನಿಮ್ಮಲ್ಲಿ ಗಿಡ ಇದ್ದರೆ ಫೆಬ್ರವರಿಯಲ್ಲೇ ನಾಲ್ಕು ಗೆಲ್ಲು ಊರಿಡಿ. ಎರಡು ಮೂರು ವರ್ಷಕ್ಕೆ ತಾಯಿ ಗಿಡದ ಬುಡ ಕಟ್ಟಿಗೆಯಾಗಿ ಎಲೆ ಕಡಿಮೆಯಾಗುತ್ತದೆ, ಆಗ ಹೊಸದು ಕೈಯಲ್ಲಿರಬೇಕು. ಹಿಡಿದ ಗಿಡಗಳಲ್ಲಿ ಒಂದನ್ನು ಶೀಟಿನ ಟೆರೇಸು ಇರುವ ನೆರೆಮನೆಯವರಿಗೆ ಕೊಡಿ. ಮಳೆಗಾಲದಲ್ಲಿ ನಿಮ್ಮದು ಹೋದರೂ ನವರಾತ್ರಿಗೆ ಅವರ ಹತ್ತಿರ ಒಂದು ಗೆಲ್ಲು ಕೇಳಿ ತರಬಹುದು.